ಅಂಗೈಯಲ್ಲಿ ಪತ್ತೇದಾರ, ಹೆದ್ದಾರಿಯಲ್ಲಿ ಹಂತಕ

ರಸ್ತೆಬದಿ ಹೆಣ ಬಿತ್ತೆಂದರೆ ಪೊಲೀಸ್ ಜೀಪಿಗಿಂತ ಮೊದಲು ವಾಟ್ಸ್‌ಆ್ಯಪ್ ಗುಂಪು ಎದ್ದು ಕೂರುತ್ತದೆ. ಶಂಕಿತ, ಕಾರಣ, ತೀರ್ಪು ಎಲ್ಲವೂ ಬೆಳಗಾಗುವುದರೊಳಗೆ ಸಿದ್ಧ. ಮಳೆಯಲ್ಲಿ ಎಂಟು ಕಿಲೋಮೀಟರ್ ಓಡಿ ಆರೋಪಿಯ ಮನೆ ತೋರಿಸಿದ ನಾಯಿಯ ಮೂಗನ್ನೇ ನ್ಯಾಯಾಲಯ ಪುರಾವೆ ಎಂದು ಒಪ್ಪುವುದಿಲ್ಲ. ಹಾಗಿರುವಾಗ ನಮ್ಮ ಊಹೆಗೆ ಎಷ್ಟು ಬೆಲೆ?

2024ರ ಜುಲೈ. ಆಷಾಢದ ಮಳೆ. ಚನ್ನಗಿರಿ ತಾಲ್ಲೂಕಿನ ಸಂತೆಬೆನ್ನೂರು ಬಳಿ ರಾತ್ರಿ ಗಸ್ತಿನಲ್ಲಿದ್ದ ಪೊಲೀಸರಿಗೆ ರಸ್ತೆಬದಿಯಲ್ಲಿ ಯುವಕನೊಬ್ಬನ ಶವ ಕಂಡಿತು. ಊರು ಮಲಗಿದ ಹೊತ್ತು. ಕೊಂದವನು ಯಾರು, ಯಾವ ದಿಕ್ಕಿಗೆ ಹೋದ ಎಂದು ಹೇಳುವವರು ಅಲ್ಲಿ ಯಾರೂ ಇರಲಿಲ್ಲ.

ಎಸ್ಪಿ ಉಮಾ ಪ್ರಶಾಂತ್ ಅವರ ತಂಡ ಸ್ಥಳಕ್ಕೆ ಬಂತು. ಜೊತೆಗೆ ದಾವಣಗೆರೆ ಶ್ವಾನದಳದ ‘ತುಂಗಾ–2’. ಅಂಗಿಯ ವಾಸನೆ ಹಿಡಿದ ನಾಯಿ ಮಳೆಯಲ್ಲೇ ಹೊರಟಿತು. ಹಗ್ಗ ಹಿಡಿದ ಸಿಬ್ಬಂದಿ ಕತ್ತಲಲ್ಲಿ, ಕೆಸರಿನಲ್ಲಿ ಅದರ ಬೆನ್ನಿಗೆ ಓಡಿದರು.

ಎಂಟು ಕಿಲೋಮೀಟರ್ ಆದಮೇಲೆ ಚನ್ನಾಪುರದ ಒಂದು ಮನೆಯ ಮುಂದೆ ತುಂಗಾ ನಿಂತಿತು. ಒಳಗಿನಿಂದ ಹೆಣ್ಣುಮಗಳೊಬ್ಬಳ ಚೀರಾಟ ಕೇಳುತ್ತಿತ್ತು. ಪೊಲೀಸರು ನುಗ್ಗಿದಾಗ ಒಬ್ಬಾತ ಹೆಂಡತಿಯನ್ನು ಸಾಯುವಂತೆ ಬಡಿಯುತ್ತಿದ್ದ. ಆಕೆಯನ್ನು ಬಿಡಿಸಿ ಆಸ್ಪತ್ರೆಗೆ ಸಾಗಿಸಿದರು. ರಸ್ತೆಬದಿಯ ಕೊಲೆಯ ಆರೋಪದಲ್ಲಿ ಬಂಧಿತನಾದವನೂ ಅವನೇ.

ಒಂದು ಕೊಲೆಯ ಜಾಡು ಹಿಡಿದು ಹೊರಟವರು ಇನ್ನೊಂದು ಜೀವ ಉಳಿಸಿದ್ದರು.

ಆ ರಾತ್ರಿ ಬೇರೆ ರೀತಿ ನಡೆದಿದ್ದರೆ? ದಾರಿಹೋಕನೊಬ್ಬ ಶವದ ಫೋಟೊ ತೆಗೆದು ಊರಿನ ಗುಂಪಿಗೆ ಹಾಕಿದ್ದರೆ, ನೋಡಲು ಬಂದವರ ಕಾಲಡಿ ನೆಲ ಕಲಸಿಹೋಗಿ ವಾಸನೆಯ ಜಾಡು ಹಾಳಾಗುತ್ತಿತ್ತು. ಆ ಫೋಟೊ ಚನ್ನಾಪುರದ ಮನೆಯ ಮೊಬೈಲಿಗೂ ತಲುಪಬಹುದಿತ್ತು. ಆಗ ಬಾಗಿಲಾಚೆ ಚೀರುತ್ತಿದ್ದ ಹೆಣ್ಣುಮಗಳ ಗತಿ ಏನಾಗುತ್ತಿತ್ತು?

ಕಟ್ಟೆಯ ಚರ್ಚೆ ಕೈಗೆ ಬಂತು

ದಾವಣಗೆರೆಯಿಂದ ದಕ್ಷಿಣಕ್ಕೆ ಹೊರಟರೆ ಹದಡಿ. ಭದ್ರಾ ನಾಲೆಯ ನೀರು, ಭತ್ತದ ಗದ್ದೆ, ಹಗಲಿಡೀ ಟ್ರ್ಯಾಕ್ಟರ್, ಬಸ್ಸು, ಬೈಕುಗಳ ಓಡಾಟ. ಇನ್ನೂ ಮುಂದೆ ಹೋದರೆ ಸಂತೆಬೆನ್ನೂರು, ಚನ್ನಗಿರಿ, ಅಡಿಕೆ ತೋಟಗಳ ಸೀಮೆ. ಉತ್ತರಕ್ಕೆ ದಾವಣಗೆರೆ, ಹರಿಹರಗಳನ್ನು ಪೋಣಿಸಿಕೊಂಡು ಬೆಂಗಳೂರು–ಪುಣೆ ಹೆದ್ದಾರಿ ಸಾಗುತ್ತದೆ. ಹಳಬರಿಗೆ ಅದು ಇಂದಿಗೂ ಎನ್‌ಎಚ್–4, ಕಾಗದದ ಮೇಲೆ ಎನ್‌ಎಚ್–48.

ರಸ್ತೆಯ ಪಕ್ಕದ ಊರುಗಳಲ್ಲಿ ಅಪರಾಧದ ಸುದ್ದಿಗೆ ಯಾವಾಗಲೂ ಕಿವಿ ಜಾಸ್ತಿ. ಮಂಡಕ್ಕಿ–ಮೆಣಸಿನಕಾಯಿ ತಿನ್ನುತ್ತ, ಅರ್ಧ ಚಹಾ ಹೀರುತ್ತ ‘ಇದು ಹೊರಗಿನೋರ ಕೆಲ್ಸ ಕಣಪ್ಪ’, ‘ಇಲ್ಲ ಬಿಡಣ್ಣ, ಗೊತ್ತಿರೋರೇ ಮಾಡಿದ್ದು’ ಎಂದು ವಾದಿಸುವುದು ಹೊಸದಲ್ಲ. ಆ ಮಾತು ಅಂಗಡಿ ಬಾಗಿಲು ಹಾಕುವಷ್ಟರಲ್ಲಿ ಮುಗಿಯುತ್ತಿತ್ತು. ಮರುದಿನ ಯಾರೂ ಅದನ್ನು ಹಿಡಿದುಕೊಂಡು ಒಬ್ಬನ ಮನೆ ಮುಂದೆ ಹೋಗುತ್ತಿರಲಿಲ್ಲ.

ಈಗ ಅದೇ ಮಾತಿಗೆ ಫೋಟೊ ಅಂಟಿಕೊಂಡಿದೆ, ಹೆಸರು ಅಂಟಿಕೊಂಡಿದೆ. ಹದಡಿಯಲ್ಲಿ ಆಡಿದ ಅನುಮಾನ ಹರಿಹರ ದಾಟಿ ರಾಣೆಬೆನ್ನೂರು ಮುಟ್ಟುವಷ್ಟರಲ್ಲಿ ಖಚಿತ ಸುದ್ದಿಯಾಗಿರುತ್ತದೆ. ಶಂಕಿತರ ಬೆನ್ನು ಹತ್ತಿದ ಪೊಲೀಸರ ಜೊತೆ ಸಾವಿರಾರು ಜನ ಮೊಬೈಲಿನಲ್ಲೇ ಬೇಟೆಗೆ ಇಳಿಯುತ್ತಾರೆ. ಸಿಸಿಟಿವಿ ತುಣುಕನ್ನು ನಿಲ್ಲಿಸಿ, ಹಿಗ್ಗಿಸಿ, ಕೆಂಪು ವೃತ್ತ ಎಳೆಯುತ್ತಾರೆ.

ಹಾಗೆ ಮಾಡುವ ಎಲ್ಲರೂ ಕೆಟ್ಟವರಲ್ಲ. ಕೊಲೆಗಾರ ಸಿಗಬೇಕು, ಸತ್ತವರಿಗೆ ನ್ಯಾಯ ದಕ್ಕಬೇಕು ಎಂಬ ತಹತಹ ಅದರಲ್ಲಿದೆ. ರಾತ್ರಿ ಪಾಳಿ ಮುಗಿಸಿ ಇದೇ ರಸ್ತೆಯಲ್ಲಿ ಮನೆಗೆ ಬರಬೇಕಾದ ಮಗ, ಮಗಳ ಬಗೆಗಿನ ಭಯವೂ ಇದೆ. ಆ ಕಾಳಜಿ ಯಾವ ದಾರಿ ಹಿಡಿಯುತ್ತದೆ ಎಂಬುದರ ಮೇಲೆ ಒಬ್ಬರ ಜೀವ ನಿಂತಿರುತ್ತದೆ.

> ಹೆದ್ದಾರಿ ಬಿಟ್ಟುಕೊಡುವ ಸುಳಿವು
> • 2021ರ ಫೆಬ್ರುವರಿಯಿಂದ ಎಲ್ಲ ಟೋಲ್ ಪಥಗಳಲ್ಲೂ ಫಾಸ್ಟ್ಯಾಗ್ ಕಡ್ಡಾಯ. ಹೆಬ್ಬಾಳು ಟೋಲ್ ದಾಟಿದ ವಾಹನ ಚಳಗೇರಿ ಟೋಲ್ ಯಾವಾಗ ಮುಟ್ಟಿತು, ನಡುವೆ ಎಷ್ಟು ಹೊತ್ತು ಕಳೆಯಿತು ಎಂಬುದು ದಾಖಲೆಯಲ್ಲಿ ಉಳಿಯುತ್ತದೆ.
> • ಪೆಟ್ರೋಲ್ ಬಂಕ್, ದಾಬಾ, ಪಂಕ್ಚರ್ ಅಂಗಡಿಗಳ ಕ್ಯಾಮೆರಾ. ಹಳೆಯ ದೃಶ್ಯ ತಾನಾಗಿ ಅಳಿಸಿಹೋಗುವುದರಿಂದ ಮೊದಲ ದಿನಗಳೇ ಮುಖ್ಯ.
> • ಮೊಬೈಲ್ ಟವರ್ ದತ್ತಾಂಶ. ಆ ಹೊತ್ತಿಗೆ ಆ ಸ್ಥಳದಲ್ಲಿದ್ದ ಸಾವಿರಾರು ಸಂಖ್ಯೆಗಳಿಂದ ಒಂದೆರಡನ್ನು ಹೆಕ್ಕುವ ತಾಳ್ಮೆಯ ಕೆಲಸ.
> • ಹರಿಹರದ ಸೇತುವೆ ದಾಟಿದರೆ ಹಾವೇರಿ ಜಿಲ್ಲೆ. ಆದರೂ ದೂರು ಯಾವ ಠಾಣೆಯಲ್ಲಾದರೂ ಕೊಡಬಹುದು, ‘ಝೀರೋ ಎಫ್‌ಐಆರ್’ಗೆ ಹೊಸ ಕಾನೂನಿನಲ್ಲೂ ಜಾಗವಿದೆ.

ಅಲಾಸ್ಕ ಹೆದ್ದಾರಿಯ ಬೇಟೆ

ಹೆದ್ದಾರಿ ಹಂತಕರ ಹುಡುಕಾಟವನ್ನು ಇಡೀ ಜಗತ್ತು ಮೊಬೈಲಿನಲ್ಲಿ ಹಿಂಬಾಲಿಸಿದ್ದು 2019ರ ಜುಲೈನಲ್ಲಿ, ಕೆನಡಾದಲ್ಲಿ. ಬ್ರಿಟಿಷ್ ಕೊಲಂಬಿಯಾದ ಉತ್ತರ ತುದಿ. ಅಲಾಸ್ಕ ಹೆದ್ದಾರಿಯ ಲಿಯಾರ್ಡ್ ಬಿಸಿನೀರ ಬುಗ್ಗೆಗಳ ಬಳಿ ಜುಲೈ 15ರಂದು ಪ್ರವಾಸಿ ಜೋಡಿಯ ಶವಗಳು ಸಿಕ್ಕವು. ಹುಡುಗ ಆಸ್ಟ್ರೇಲಿಯಾದವನು, ಹುಡುಗಿ ಅಮೆರಿಕದವಳು. ನಾಲ್ಕು ದಿನ ಬಿಟ್ಟು ಡೀಸ್ ಲೇಕ್ ಬಳಿ ವಿಶ್ವವಿದ್ಯಾಲಯದ ಅಧ್ಯಾಪಕರೊಬ್ಬರ ಶವ ಕಂಡಿತು. ಅಲ್ಲೇ ಸಮೀಪದಲ್ಲಿ ಸುಟ್ಟುಹೋದ ವಾಹನ.

ಆ ವಾಹನದಲ್ಲಿ ಹೊರಟಿದ್ದ ಇಬ್ಬರು ಹುಡುಗರನ್ನು ಪೊಲೀಸರು ಮೊದಲು ‘ಕಾಣೆಯಾದವರು’ ಎಂದರು. ಅವರಿಗೂ ಏನೋ ಆಗಿದೆ ಎಂದು ಜನ ಮರುಗಿದರು. ಜುಲೈ 23ರಂದು ಪೊಲೀಸರು ಅದೇ ಇಬ್ಬರನ್ನು ಶಂಕಿತರೆಂದು ಘೋಷಿಸಿದರು. ಅಷ್ಟರಲ್ಲಿ ಅವರು ಮೂರು ಸಾವಿರ ಕಿಲೋಮೀಟರಿಗೂ ಮಿಕ್ಕ ದಾರಿ ಸವೆಸಿ ಮ್ಯಾನಿಟೋಬಾದ ಗಿಲ್ಲಂ ಎಂಬ ಪುಟ್ಟ ಊರಿನ ಬಳಿ ಇನ್ನೊಂದು ಕಾರು ಸುಟ್ಟು ಕಾಡು ಸೇರಿದ್ದರು.

ಮುಂದಿನ ಎರಡು ವಾರ ಅಂತರ್ಜಾಲದಲ್ಲಿ ನಕ್ಷೆ ಬಿಡಿಸದವರಿಲ್ಲ. ಯಾರದೋ ಸಹಾಯದಿಂದ ಪಾರಾದರು, ವೇಷ ಬದಲಿಸಿದರು, ದೋಣಿ ಹತ್ತಿದರು ಎಂದೆಲ್ಲ ವಾದಗಳು. ಇಬ್ಬರನ್ನೂ ಕಂಡೆವೆಂಬ ಕರೆಗಳು ಸಾವಿರಾರು ಕಿಲೋಮೀಟರ್ ದೂರದ ಒಂಟಾರಿಯೊದಿಂದಲೂ ಬಂದವು. ಯಾರ್ಕ್ ಲ್ಯಾಂಡಿಂಗ್ ಎಂಬ ಆದಿವಾಸಿ ಊರಿನಲ್ಲಿ ಕಂಡರೆಂಬ ಸುದ್ದಿಗೆ ಪಡೆಗಳೆಲ್ಲ ಅಲ್ಲಿಗೆ ಧಾವಿಸಿದವು, ಜನ ಬಾಗಿಲು ಹಾಕಿಕೊಂಡು ಕೂತರು. ಅಲ್ಲಿ ಯಾರೂ ಸಿಗಲಿಲ್ಲ.

ಆಗಸ್ಟ್ 7ರಂದು ಇಬ್ಬರ ಶವವೂ ನೆಲ್ಸನ್ ನದಿಯ ದಂಡೆಯ ಪೊದೆಗಳಲ್ಲಿ ಸಿಕ್ಕಿತು. ಸುಟ್ಟ ಕಾರಿನಿಂದ ಬರೀ ಎಂಟು ಕಿಲೋಮೀಟರ್ ದೂರದಲ್ಲಿ. ದಂಡೆಯಲ್ಲಿ ಸಿಕ್ಕ ಕೆಲವು ವಸ್ತುಗಳ ಸುತ್ತ ಅಡಿ ಅಡಿಯಾಗಿ ಹುಡುಕಿದ್ದೇ ಕೊನೆಗೆ ದಾರಿ ತೋರಿಸಿತ್ತು. ಮೂರೂ ಕೊಲೆಗಳನ್ನು ಒಪ್ಪಿಕೊಂಡ ವಿಡಿಯೊಗಳು ಅವರ ಬಳಿ ಸಿಕ್ಕ ಕ್ಯಾಮೆರಾದಲ್ಲಿದ್ದವು. ಏಕೆ ಕೊಂದರೆಂಬುದು ಅದರಲ್ಲೂ ಇರಲಿಲ್ಲ. ಸಾವಿರಾರು ಮಂದಿ ಖಚಿತವಾಗಿ ಹೇಳಿದ್ದ ಕಾರಣಗಳಲ್ಲಿ ಒಂದಕ್ಕೂ ಆಧಾರ ದೊರೆಯಲಿಲ್ಲ.

ಇದಕ್ಕೂ ಆರು ವರ್ಷ ಮೊದಲು, 2013ರ ಬಾಸ್ಟನ್ ಮ್ಯಾರಥಾನ್ ಸ್ಫೋಟದ ಬೆನ್ನಲ್ಲೇ, ರೆಡ್ಡಿಟ್‌ನ ಹವ್ಯಾಸಿ ಪತ್ತೇದಾರರು ಭಾರತೀಯ ಮೂಲದ ಒಬ್ಬ ವಿದ್ಯಾರ್ಥಿಯತ್ತ ಬೊಟ್ಟು ಮಾಡಿದ್ದರು. ಆತ ಸ್ಫೋಟಕ್ಕೆ ಒಂದು ತಿಂಗಳು ಮೊದಲೇ ಕಾಣೆಯಾಗಿದ್ದ. ಹುಡುಕುತ್ತಿದ್ದ ಮನೆಯವರಿಗೆ ನಿಂದನೆಯ ಕರೆಗಳ ಸುರಿಮಳೆ. ಕೆಲವೇ ದಿನಗಳಲ್ಲಿ ಹುಡುಗನ ಶವ ನದಿಯಲ್ಲಿ ಸಿಕ್ಕಿತು. ಸ್ಫೋಟಕ್ಕೂ ಅವನಿಗೂ ಯಾವ ಸಂಬಂಧವೂ ಇರಲಿಲ್ಲ. ರೆಡ್ಡಿಟ್ ಕ್ಷಮೆ ಕೇಳಿತು. ಮಗನನ್ನು ಕಳೆದುಕೊಂಡ ತಾಯಿ ತಂದೆಗೆ ಆ ಕ್ಷಮೆಯಿಂದ ಆಗುವುದೇನು?

ಮುರ್ಕಿಯಲ್ಲಿ ಅಡ್ಡ ಹಾಕಿದ ಮರ

ಅಷ್ಟು ದೂರ ಹೋಗಬೇಕಿಲ್ಲ. 2018ರ ಜುಲೈ 13, ಬೀದರ್ ಜಿಲ್ಲೆ. ಹೈದರಾಬಾದಿನಿಂದ ಕಾರಿನಲ್ಲಿ ಬಂದಿದ್ದ ಗೆಳೆಯರ ಗುಂಪು ದಾರಿಯಲ್ಲಿ ಶಾಲಾ ಮಕ್ಕಳಿಗೆ ಚಾಕೊಲೇಟ್ ಹಂಚಿತು. ಮಕ್ಕಳ ಕಳ್ಳರ ವದಂತಿ ರಾಜ್ಯದ ತುಂಬ ಹರಿದಾಡುತ್ತಿದ್ದ ದಿನಗಳು. ಹಿಂದಿನ ಮೇ ತಿಂಗಳಲ್ಲಷ್ಟೇ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಅದೇ ವದಂತಿಗೆ ಒಬ್ಬ ವಲಸೆ ಯುವಕ ಬಲಿಯಾಗಿದ್ದ.

ಜನ ಮುತ್ತಿಕೊಂಡಾಗ ಹೆದರಿದ ಗೆಳೆಯರು ಕಾರು ಹತ್ತಿ ಹೊರಟರು. ಕಾರಿಗಿಂತ ವೇಗವಾಗಿ ವಾಟ್ಸ್‌ಆ್ಯಪ್ ಸಂದೇಶ ಮುಂದಿನ ಊರಾದ ಮುರ್ಕಿ ತಲುಪಿತು. ರಸ್ತೆಗೆ ಮರ ಅಡ್ಡ ಬಿತ್ತು. ಕಾರು ಹಳ್ಳಕ್ಕೆ ಉರುಳಿತು. ನೂರಾರು ಜನ ಕಲ್ಲು, ದೊಣ್ಣೆ ಹಿಡಿದು ಮುಗಿಬಿದ್ದರು. ಅಡ್ಡ ನಿಂತ ಪೊಲೀಸರೂ ಪೆಟ್ಟು ತಿಂದರು. 32 ವರ್ಷದ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು ಪ್ರಾಣ ಬಿಟ್ಟರು.

ಬಂಧಿತರಲ್ಲಿ ವಾಟ್ಸ್‌ಆ್ಯಪ್ ಗುಂಪಿನ ಅಡ್ಮಿನ್ ಕೂಡ ಇದ್ದ. ಒಂದು ವಾರದೊಳಗೆ, ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆ ಫಾರ್ವರ್ಡ್ ಮಾಡದಂತೆ ಮಿತಿ ತರುವುದಾಗಿ ವಾಟ್ಸ್‌ಆ್ಯಪ್ ಪ್ರಕಟಿಸಿತು.

ಮುರ್ಕಿಯ ಜನ ಕೊಲೆಗಡುಕರಾಗಿ ಹುಟ್ಟಿದವರಲ್ಲ. ಮಕ್ಕಳನ್ನು ಕಾಪಾಡುತ್ತಿದ್ದೇವೆ ಎಂದೇ ಅವರು ನಂಬಿದ್ದರು. ಆ ನಂಬಿಕೆಯನ್ನು ಒರೆಗೆ ಹಚ್ಚಲು ಹತ್ತು ನಿಮಿಷ ಸಾಕಿತ್ತು: ಕಾರು ತಡೆದು ಠಾಣೆಗೆ ಒಂದು ಕರೆ ಮಾಡಿ, ಪೊಲೀಸರು ಬರುವವರೆಗೆ ಕಾಯಬಹುದಿತ್ತು.

ನ್ಯಾಮತಿಯ ಸ್ವೀಟ್ ಅಂಗಡಿ

‘ಹೊರಗಿನೋರ ಕೆಲ್ಸ’ ಎಂಬ ಮಾತು ಎಷ್ಟು ಸಲೀಸು ಎಂಬುದಕ್ಕೆ ನಮ್ಮದೇ ಜಿಲ್ಲೆಯ ಇನ್ನೊಂದು ಪ್ರಕರಣವಿದೆ. ಕೊಲೆಯಲ್ಲ, ದರೋಡೆ. 2024ರ ಅಕ್ಟೋಬರ್ ಕೊನೆಯಲ್ಲಿ ನ್ಯಾಮತಿಯ ಸ್ಟೇಟ್ ಬ್ಯಾಂಕ್ ಶಾಖೆಯಿಂದ ಸುಮಾರು 17 ಕಿಲೊ ಚಿನ್ನ ಮಾಯವಾಯಿತು. ಕಳ್ಳರು ಸಿಸಿಟಿವಿ ದಾಖಲಾಗುವ ಪೆಟ್ಟಿಗೆಯನ್ನೇ ಹೊತ್ತೊಯ್ದಿದ್ದರು. ಶ್ವಾನದಳದ ಮೂಗು ಕೆಡಿಸಲು ಖಾರದಪುಡಿ ಎರಚಿದ್ದರು.

ಇಷ್ಟು ಚೊಕ್ಕ ಕೆಲಸ ಅಂತರರಾಜ್ಯ ಗ್ಯಾಂಗಿನದೇ ಇರಬೇಕು ಎಂದು ಯಾರಿಗಾದರೂ ಅನ್ನಿಸುವಂತಿತ್ತು. ಸುಮಾರು ಐದು ತಿಂಗಳ ನಂತರ, 2025ರ ಮಾರ್ಚ್ ಕೊನೆಯಲ್ಲಿ ಪೊಲೀಸರು ಆರು ಮಂದಿಯ ಬಂಧನ ಪ್ರಕಟಿಸಿದರು. ಅವರ ಪ್ರಕಾರ ಸೂತ್ರಧಾರ ಅದೇ ನ್ಯಾಮತಿಯಲ್ಲಿ ಸ್ವೀಟ್ ಅಂಗಡಿ ಇಟ್ಟುಕೊಂಡಿದ್ದವನು. ಬ್ಯಾಂಕ್ ಸಾಲ ಕೊಡಲಿಲ್ಲವೆಂಬ ಸಿಟ್ಟಿತ್ತು. ಚಿನ್ನದ ಬಹುಪಾಲು ತಮಿಳುನಾಡಿನ ಮದುರೈ ಜಿಲ್ಲೆಯ ಒಂದು ಬಾವಿಯಲ್ಲಿ ಸಿಕ್ಕಿತು.

ಆ ಐದು ತಿಂಗಳಲ್ಲಿ ಯಾವನೋ ಪರಊರಿನ ಲಾರಿ ಚಾಲಕನ ಫೋಟೊಗೆ ‘ಇವನೇ ಕಳ್ಳ’ ಎಂಬ ಸಾಲು ಸೇರಿ ಗುಂಪುಗಳಲ್ಲಿ ಹರಿದಿದ್ದರೆ, ಅವನು ಹೆದ್ದಾರಿಯ ಯಾವ ದಾಬಾದಲ್ಲಿ ಊಟಕ್ಕೆ ಇಳಿಯಬೇಕಿತ್ತು? ಹೊರಗಿನವನ ಮೇಲೆ ಅನುಮಾನ ಹೊರಿಸುವುದು ಸುಲಭ, ಏಕೆಂದರೆ ಅವನ ಪರವಾಗಿ ಮಾತನಾಡಲು ಊರಿನಲ್ಲಿ ಯಾರೂ ಇರುವುದಿಲ್ಲ.

> ಮೂಗು ದಾರಿ ತೋರಿಸುತ್ತದೆ, ತೀರ್ಪು ಕೊಡುವುದಿಲ್ಲ
> • ದಾವಣಗೆರೆಯ ಮೊದಲ ‘ತುಂಗಾ’ ಡಾಬರ್‌ಮನ್ ತಳಿಯದು. 2020ರ ಜುಲೈನಲ್ಲಿ ಬಸವಾಪಟ್ಟಣ ಠಾಣೆ ವ್ಯಾಪ್ತಿಯ ಗುಂಡೇಟಿನ ಕೊಲೆ ಪ್ರಕರಣದಲ್ಲಿ 12 ಕಿ.ಮೀ. ಓಡಿ ಆರೋಪಿಯ ಜಾಡು ಹಿಡಿದು ದೇಶದ ಗಮನ ಸೆಳೆಯಿತು. 50ಕ್ಕೂ ಹೆಚ್ಚು ಕೊಲೆ ಪ್ರಕರಣಗಳಲ್ಲಿ ಅದು ನೆರವಾಗಿತ್ತೆಂದು ಆಗ ಪೊಲೀಸರು ಹೇಳಿದ್ದರು.
> • ನಾಯಿಯ ಮೂಗಿನಲ್ಲಿ ವಾಸನೆ ಗ್ರಹಿಸುವ ಕೋಶಗಳು 30 ಕೋಟಿಯವರೆಗೂ ಇರಬಹುದು. ಮನುಷ್ಯನಲ್ಲಿ ಸುಮಾರು 60 ಲಕ್ಷ.
> • ಆದರೂ 2001ರ ತೀರ್ಪೊಂದರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು: ಶ್ವಾನದಳ ತನಿಖೆಗೆ ನೆರವಾಗಬಹುದು, ನಾಯಿಯ ಜಾಡನ್ನೇ ನಂಬಿ ಯಾರನ್ನೂ ಅಪರಾಧಿ ಎನ್ನಲಾಗದು. ನಾಯಿಯನ್ನು ಪಾಟೀಸವಾಲಿಗೆ ಒಳಪಡಿಸಲು ಆಗುವುದಿಲ್ಲವಷ್ಟೆ.

ಹೂಮಳೆಯ ಬೆಳಗು

2019ರ ನವೆಂಬರ್ 27. ಬೆಂಗಳೂರು–ಹೈದರಾಬಾದ್ ಹೆದ್ದಾರಿ ಸೀಮೆಯ ಶಂಷಾಬಾದ್ ಟೋಲ್ ಬಳಿ ಯುವ ಪಶುವೈದ್ಯೆಯೊಬ್ಬರ ಮೇಲೆ ಅತ್ಯಾಚಾರ ಎಸಗಿ, ಕೊಂದು, ಶವವನ್ನು ಸೇತುವೆಯ ಕೆಳಗೆ ಸುಟ್ಟಿದ್ದರು. ಆಕೆಯ ಹೆಸರು, ಫೋಟೊ ದೇಶವಿಡೀ ಟ್ರೆಂಡ್ ಆಯಿತು. ಅಂಥ ಸಂತ್ರಸ್ತೆಯ ಗುರುತು ಬಹಿರಂಗಪಡಿಸುವುದು ಅಪರಾಧ ಎಂಬುದು ಆ ಕಿಚ್ಚಿನಲ್ಲಿ ಯಾರಿಗೂ ನೆನಪಾಗಲಿಲ್ಲ. ನಾಲ್ವರ ಬಂಧನವಾಯಿತು. ‘ಗುಂಡಿಕ್ಕಿ’ ಎಂಬ ಕೂಗು ದಿನದಿಂದ ದಿನಕ್ಕೆ ಏರಿತು.

ಡಿಸೆಂಬರ್ 6ರ ಬೆಳಗಿನ ಜಾವ ನಾಲ್ವರೂ ಪೊಲೀಸರ ಗುಂಡಿಗೆ ಬಲಿಯಾದರು. ಜನ ಪೊಲೀಸರ ಮೇಲೆ ಹೂ ಸುರಿದರು. ಆಗಿನ ಸೈಬರಾಬಾದ್ ಕಮಿಷನರ್ ವಿ.ಸಿ. ಸಜ್ಜನರ್ ಹುಬ್ಬಳ್ಳಿಯವರಾದ್ದರಿಂದ ಆ ಸಂಭ್ರಮ ನಮ್ಮ ನಾಡಿಗೂ ಹಬ್ಬಿತು.

ಸುಪ್ರೀಂ ಕೋರ್ಟ್ ನೇಮಿಸಿದ ನ್ಯಾಯಮೂರ್ತಿ ಸಿರಪುರಕರ್ ಆಯೋಗದ ವರದಿ 2022ರಲ್ಲಿ ಹೊರಬಂತು. ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿದೆ ಎಂದಿತು ಆಯೋಗ. ನಾಲ್ವರಲ್ಲಿ ಮೂವರು ಅಪ್ರಾಪ್ತರಾಗಿದ್ದರು ಎಂದೂ ಹೇಳಿತು. ಪುರಾವೆಯನ್ನು ನ್ಯಾಯಾಲಯ ತೂಗಿ ನೋಡುವ ಅವಕಾಶ ಶಾಶ್ವತವಾಗಿ ಮುಚ್ಚಿಹೋಯಿತು. ಆ ವೈದ್ಯೆಯ ಮನೆಯವರಿಗೆ ‘ಇವರೇ ಅಪರಾಧಿಗಳು, ಇದೋ ಸಾಬೀತಾಯಿತು’ ಎಂಬ ತೀರ್ಪು ಎಂದೂ ಸಿಗುವುದಿಲ್ಲ. ಗುಂಪಿನ ಕೋಪಕ್ಕೆ ತಲೆಬಾಗಿದ ನ್ಯಾಯ ಸಂತ್ರಸ್ತರಿಗೂ ಮೋಸ ಮಾಡುತ್ತದೆ.

ಫೋಟೊ ಹರಿದಾಡಿದರೆ ಲಾಭ ಯಾರಿಗೆ?

ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿಯೊಂದಿದೆ. ಕೊಲೆಗಾರನ ಮುಖ ಕಂಡ ಸಾಕ್ಷಿ ಸಿಕ್ಕರೆ ಪೊಲೀಸರು ಗುರುತು ಪತ್ತೆ ಪರೇಡ್ ಮಾಡಿಸುತ್ತಾರೆ. ಮ್ಯಾಜಿಸ್ಟ್ರೇಟರ ಎದುರು, ಅದೇ ವಯಸ್ಸು, ಅದೇ ಮೈಕಟ್ಟಿನ ಹಲವರ ನಡುವೆ ಶಂಕಿತನನ್ನು ನಿಲ್ಲಿಸಿ ‘ಇವರಲ್ಲಿ ಯಾರು?’ ಎಂದು ಕೇಳುತ್ತಾರೆ.

ಸಾಕ್ಷಿಯ ಮೊಬೈಲಿಗೆ ಶಂಕಿತನ ಫೋಟೊ ಮೊದಲೇ ಬಂದಿದ್ದರೆ ಆ ಪರೇಡಿಗೆ ಬಲವಿಲ್ಲ. ‘ನೀವು ಗುರುತಿಸಿದ್ದು ಆ ರಾತ್ರಿ ಕಂಡ ಮುಖವನ್ನೋ, ವಾಟ್ಸ್‌ಆ್ಯಪ್‌ನಲ್ಲಿ ಕಂಡ ಮುಖವನ್ನೋ?’ ಎಂದು ಆರೋಪಿಯ ವಕೀಲರು ಕೇಳುತ್ತಾರೆ. ಕೇಳಲೇಬೇಕು, ಅದು ಅವರ ಕರ್ತವ್ಯ. ಕೊಲೆಗಾರನಿಗೆ ಶಿಕ್ಷೆಯಾಗಲಿ ಎಂದು ಹಂಚಿದ ಫೋಟೊವೇ ಅವನ ಬಿಡುಗಡೆಗೆ ದಾರಿಯಾಗಬಹುದು.

ವಿಡಿಯೊದ ಕಥೆಯೂ ಅಷ್ಟೆ. ಫಾರ್ವರ್ಡ್ ಆದಂತೆಲ್ಲ ಅದು ಕುಗ್ಗುತ್ತದೆ. ಎಲ್ಲಿ, ಯಾವಾಗ, ಯಾವ ಸಾಧನದಲ್ಲಿ ತೆಗೆದದ್ದು ಎಂಬ ಒಳಗಿನ ಮಾಹಿತಿ ಕಳಚಿಬೀಳುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು ವಿದ್ಯುನ್ಮಾನ ದಾಖಲೆಗೆ ಪ್ರಮಾಣಪತ್ರ ಕೇಳುತ್ತದೆ. ನ್ಯಾಯಾಲಯಕ್ಕೆ ಬೇಕಾದದ್ದು ಮೂಲ ಕಡತ. ಹತ್ತು ಕೈ ದಾಟಿ, ಹಿನ್ನೆಲೆ ಸಂಗೀತ ಸೇರಿಸಿಕೊಂಡು ಬಂದ ರೀಲ್ಸ್ ಅಲ್ಲ.

ಊರಿನ ಕಣ್ಣು ಬೇಕೇ ಬೇಕು

ಹಾಗಾದರೆ ಜನ ಸುಮ್ಮನಿರಬೇಕೆ? ಖಂಡಿತ ಇಲ್ಲ. 2021ರಲ್ಲಿ ಅಮೆರಿಕದಲ್ಲಿ ಗೆಳೆಯನ ಜೊತೆ ವ್ಯಾನಿನಲ್ಲಿ ಪ್ರವಾಸ ಹೊರಟ ಯುವತಿಯೊಬ್ಬಳು ಕಾಣೆಯಾದಳು. ಅದೇ ದಿನಗಳಲ್ಲಿ ವ್ಯೋಮಿಂಗ್ ರಾಜ್ಯದಲ್ಲಿ ಸುತ್ತುತ್ತಿದ್ದ ಒಂದು ಕುಟುಂಬ, ತಮ್ಮ ಪ್ರವಾಸದ ವಿಡಿಯೊ ಮತ್ತೆ ನೋಡುವಾಗ ರಸ್ತೆಬದಿ ನಿಂತ ಆ ಬಿಳಿ ವ್ಯಾನ್ ಗುರುತಿಸಿತು. ಎಫ್‌ಬಿಐಗೆ ತಿಳಿಸಿತು. ಹುಡುಗಿಯ ದೇಹ ಆ ಜಾಗದ ಸಮೀಪದಲ್ಲೇ ಸಿಕ್ಕಿತು. ಕಂಡದ್ದನ್ನು ಕಂಡಂತೆ, ತನಿಖೆ ಮಾಡುವವರಿಗೆ ತಲುಪಿಸಿದ್ದರ ಫಲ ಅದು.

ನಮ್ಮಲ್ಲೂ ಆ ವ್ಯವಸ್ಥೆ ಇದೆ. 2024ರ ಮಾರ್ಚ್ 1ರಂದು ಬೆಂಗಳೂರಿನ ರಾಮೇಶ್ವರಂ ಕೆಫೆಯಲ್ಲಿ ಸ್ಫೋಟವಾದಾಗ ಎನ್‌ಐಎ ತಾನೇ ಶಂಕಿತನ ಚಿತ್ರ ಪ್ರಕಟಿಸಿ, 10 ಲಕ್ಷ ರೂಪಾಯಿ ಬಹುಮಾನ ಘೋಷಿಸಿ, ಮಾಹಿತಿ ಕೊಟ್ಟವರ ಹೆಸರು ಗುಟ್ಟಾಗಿಡುವ ಭರವಸೆ ನೀಡಿತು. ಚಿತ್ರ ಯಾವಾಗ ಹೊರಬರಬೇಕು ಎಂದು ತನಿಖಾ ಸಂಸ್ಥೆ ನಿರ್ಧರಿಸಿದಾಗ ಜನರ ಕಣ್ಣು ತನಿಖೆಯ ಕಣ್ಣಾಗುತ್ತದೆ. ಅದೇ ಪ್ರಕರಣದಲ್ಲಿ ಸಾಕ್ಷಿಯಾಗಿ ವಿಚಾರಣೆಗೆ ಕರೆದವರನ್ನೇ ಕೆಲವರು ಆರೋಪಿ ಎಂಬಂತೆ ಬಿಂಬಿಸಿದರು. ದೃಢಪಡದ ಸುದ್ದಿಗಳಿಂದ ತನಿಖೆಗೆ ಅಡ್ಡಿಯಾಗುತ್ತದೆ ಎಂದು ಎನ್‌ಐಎ ಹೇಳಬೇಕಾಯಿತು. ಏಪ್ರಿಲ್ 12ರಂದು ಮುಖ್ಯ ಆರೋಪಿಗಳ ಬಂಧನವಾಗಿದ್ದು ದೂರದ ಪಶ್ಚಿಮ ಬಂಗಾಳದಲ್ಲಿ.

> ನೀವು ಏನಾದರೂ ಕಂಡಿದ್ದರೆ
> • 112ಕ್ಕೆ ಕರೆ ಮಾಡಿ, ಇಲ್ಲವೇ ಹತ್ತಿರದ ಠಾಣೆಗೆ ಹೋಗಿ.
> • ಸಮಯ, ಸ್ಥಳ, ವಾಹನದ ಸಂಖ್ಯೆ, ಹೋದ ದಿಕ್ಕು ತಕ್ಷಣ ಬರೆದಿಡಿ. ಕಂಡದ್ದು ಬೇರೆ, ಅನ್ನಿಸಿದ್ದು ಬೇರೆ. ಎರಡನ್ನೂ ಬೆರೆಸಬೇಡಿ.
> • ಫೋಟೊ, ವಿಡಿಯೊದ ಮೂಲ ಕಡತ ಅಳಿಸಬೇಡಿ, ಕತ್ತರಿಸಬೇಡಿ, ಅದಕ್ಕೆ ಏನನ್ನೂ ಸೇರಿಸಬೇಡಿ.
> • ಶವದ ಹತ್ತಿರ ಗುಂಪುಗೂಡಬೇಡಿ. ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕೆಂದು ಹೊಸ ಕಾನೂನು ಹೇಳುತ್ತದೆ. ಅವರಿಗೆ ಆ ಸ್ಥಳ ಹೇಗಿತ್ತೋ ಹಾಗೇ ಸಿಗಬೇಕು.
> • ಅಂಗಡಿ, ಬಂಕ್, ದಾಬಾದವರು ಆ ದಿನದ ಸಿಸಿಟಿವಿ ದೃಶ್ಯವನ್ನು ತಕ್ಷಣ ಉಳಿಸಿಡಿ.

ಪೊಲೀಸರ ಮೇಲೂ ಹೊಣೆಯಿದೆ. ಠಾಣೆ ಬಾಯಿ ಬಿಡದಿದ್ದಾಗಲೇ ವದಂತಿಗೆ ಜಾಗ ಸಿಗುತ್ತದೆ. ಗುಟ್ಟು ಬಿಟ್ಟುಕೊಡದೆಯೂ ‘ತನಿಖೆ ಇಲ್ಲಿಗೆ ಬಂದಿದೆ, ಹರಿದಾಡುತ್ತಿರುವ ಈ ಫೋಟೊ ಸುಳ್ಳು, ಇಂಥ ಮಾಹಿತಿ ಇದ್ದರೆ ಕೊಡಿ’ ಎಂದು ದಿನಕ್ಕೊಮ್ಮೆ ಹೇಳಲು ಸಾಧ್ಯ. ಮಾಹಿತಿ ಕೊಡಲು ಬಂದವನನ್ನೇ ಇಡೀ ದಿನ ಬೆಂಚಿನ ಮೇಲೆ ಕೂರಿಸಿದರೆ ಅವನು ಮುಂದಿನ ಸಲ ಠಾಣೆಯ ಮೆಟ್ಟಿಲು ಹತ್ತುವುದಿಲ್ಲ, ಗುಂಪಿಗೆ ಹಾಕಿ ಕೈತೊಳೆದುಕೊಳ್ಳುತ್ತಾನೆ. ಜನ ಠಾಣೆಯನ್ನು ನಂಬುವಂತೆ ನಡೆದುಕೊಳ್ಳುವುದೂ ತನಿಖೆಯ ಭಾಗವೇ.

ಉಳಿದದ್ದು ನಮ್ಮ ಪಾಲಿನದು. ನಮ್ಮ ಕೈಯಲ್ಲಿರುವ ಮೊಬೈಲು ಒಬ್ಬ ಹಂತಕನನ್ನು ಹಿಡಿಸಿಕೊಡಬಲ್ಲದು, ಒಬ್ಬ ನಿರಪರಾಧಿಯನ್ನು ಕೊಲ್ಲಿಸಲೂ ಬಲ್ಲದು. ಕಂಡದ್ದನ್ನು ಠಾಣೆಗೆ ಹೇಳುವುದು ಪ್ರತಿಯೊಬ್ಬರ ಕರ್ತವ್ಯ. ಅನುಮಾನವನ್ನು ಊರಿಗೆಲ್ಲ ಹಂಚುವ ಹಕ್ಕು ಮಾತ್ರ ಯಾರಿಗೂ ಇಲ್ಲ. ನಾಳೆ ಇದೇ ಹೆದ್ದಾರಿಯಲ್ಲಿ, ಗುರುತು ಪರಿಚಯವಿಲ್ಲದ ಊರಿನಲ್ಲಿ ಕಾರು ಕೆಟ್ಟು ನಿಲ್ಲುವ ಅಪರಿಚಿತ ನಮ್ಮ ಮನೆಯವನೇ ಆಗಿರಬಹುದು.